ಅಂಗಡಿ ಸೋಪೋ, ಕೈಯಲ್ಲಿ ಮಾಡಿದ ಸೋಪೋ?

ಮೊನ್ನೆ ಮಗಳು ಒಂದು ಸೋಪು ತಂದು ನನ್ನ ಮೂಗಿಗೇ ಹಿಡಿದಳು. "ಅಮ್ಮಾ, ಕೈಯಲ್ಲಿ ಮಾಡಿದ್ದಂತೆ, ಇದರಲ್ಲಿ ಕೆಮಿಕಲ್ಲೇ ಇಲ್ವಂತೆ." ನನಗೆ ನಗು ಬಂತು. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದಾದರೂ ಹೇಗೆ? ಎಣ್ಣೆಯೂ ಸೋಡಾವೂ ಕೂಡಿ, ಎರಡೂ ತಮ್ಮ ಹಳೇ ಗುಣ ಬಿಟ್ಟುಕೊಟ್ಟರೆ ಆಗುವುದೇ ಸೋಪು. ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ಮಾಡಿದರೂ ಅಷ್ಟೇ, ಮನೆಯಲ್ಲಿ ಹತ್ತು ಬಿಲ್ಲೆ ಮಾಡಿದರೂ ಅಷ್ಟೇ. ಅಳತೆ ಸರಿಯಾಗಿದ್ದರೆ ಕೊನೆಗೆ ಸೋಡಾ ಉಳಿಯುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಗ್ಲಿಸರಿನ್‌ನಲ್ಲಿ. ಎಣ್ಣೆ ಸೋಪಾಗುವಾಗ ಅದು ತಾನಾಗಿಯೇ ಹುಟ್ಟುತ್ತದೆ. ಚರ್ಮದ ಪಸೆ ಆರದಂತೆ ನೋಡಿಕೊಳ್ಳುವ ಪದಾರ್ಥ ಅದು. ದೊಡ್ಡ ಕಾರ್ಖಾನೆಗಳು ಅದರ ಬಹುಪಾಲನ್ನು ಬೇರೆ ತೆಗೆದು ಕ್ರೀಮು, ಔಷಧಿ ಮಾಡುವವರಿಗೆ ಮಾರುತ್ತವೆ. ಕೈಯಲ್ಲಿ ಮಾಡುವವರಿಗೆ ಅದನ್ನು ಬೇರೆ ಮಾಡುವ ಉಸಾಬರಿ ಇಲ್ಲ, ಸೋಪಿನಲ್ಲೇ ಉಳಿಯುತ್ತದೆ. ಜೊತೆಗೆ ಅವರು ಸಾಮಾನ್ಯವಾಗಿ ಶೇಕಡಾ 5ರಷ್ಟು ಎಣ್ಣೆ ಸೋಪಾಗದೆ ಹಾಗೇ ಉಳಿಯಲಿ ಅಂತ ಸೋಡಾವನ್ನು ಸ್ವಲ್ಪ ಕಡಿಮೆಯೇ ಹಾಕುತ್ತಾರೆ. ಸ್ನಾನ ಆದಮೇಲೆ ಮೈ ಬಿಗಿದಂತೆ ಅನಿಸದೇ ಇರುವುದು ಇದರಿಂದ.

ನಿಮ್ಮ ಸೋಪು ನಿಮಗೆ ಒಗ್ಗುತ್ತದಾ ಅಂತ ನೋಡಲು ನಾನು ಮಾಡುವುದು ಇಷ್ಟು. ಸ್ನಾನ ಮಾಡಿ, ಒರೆಸಿಕೊಂಡು, ಏನೂ ಹಚ್ಚದೆ ಹತ್ತು ನಿಮಿಷ ಬಿಡಿ. ಆಮೇಲೆ ಮೊಣಕಾಲಿನ ಕೆಳಗೆ ಉಗುರಿನಿಂದ ಮೆಲ್ಲಗೆ ಗೀರಿ. ಬೂದಿ ಬಳಿದಂತೆ ಬಿಳಿ ಗೆರೆ ಎದ್ದರೆ ಆ ಸೋಪು ಬದಲಿಸಿ, ಇಲ್ಲವೇ ದಿನಾ ಕಂಕುಳು, ಕಾಲು, ತೊಡೆಸಂದಿಗಷ್ಟೇ ಹಚ್ಚಿ, ಉಳಿದ ಮೈಗೆ ನೀರು ಸಾಕು. ಇನ್ನೊಂದು ಮಾತು. ಎರಡೂ ಬಗೆಯ ಸೋಪಿನ ಪಿಎಚ್ (ಹುಳಿಯೋ ಕ್ಷಾರವೋ ಎಂದು ತೋರಿಸುವ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9-10ರ ಆಸುಪಾಸು, ನಮ್ಮ ಚರ್ಮದ್ದು 5ರ ಹತ್ತಿರ. ಹಾಗಾಗಿ ಚರ್ಮ ಒಡೆದು ಉರಿಯುವವರು, ಎಸ್ಜಿಮಾ ಇರುವವರು ಕೈಯಲ್ಲಿ ಮಾಡಿದ್ದು ಅಂತ ಕಣ್ಣು ಮುಚ್ಚಿ ನಂಬಬೇಡಿ. ಅಂಥವರಿಗೆ ವೈದ್ಯರು ಹೇಳುವ ಸಿಂಡೆಟ್ ಬಾರ್ ವಾಸಿ. ಅದು ಹೆಸರಿಗಷ್ಟೇ ಸೋಪು, ಎಣ್ಣೆ-ಸೋಡಾ ಕೂಡಿಸಿ ಮಾಡಿದ್ದಲ್ಲ, ಬೇರೆ ತೊಳೆಯುವ ಪದಾರ್ಥಗಳಿಂದ ಮಾಡಿದ್ದು, ಅದರ ಪಿಎಚ್ ಚರ್ಮದ್ದಕ್ಕೆ ಹತ್ತಿರ.

ಕೈಸೋಪು ಕೊಳ್ಳುವಾಗ ಮೊದಲು ಕೇಳಬೇಕಾದ್ದು ತಾರೀಖು. ಅಚ್ಚಿಗೆ ಸುರಿದ ಮೇಲೆ 4ರಿಂದ 6 ವಾರ ಗಾಳಿಯಲ್ಲಿ ಒಣಗಬೇಕು, ಇಲ್ಲದಿದ್ದರೆ ಬಚ್ಚಲಲ್ಲಿ ಬೆಣ್ಣೆ ಥರ ಕರಗಿಹೋಗುತ್ತದೆ. ಎರಡನೆಯದು ಎಣ್ಣೆ. ಕೊಬ್ಬರಿ ಎಣ್ಣೆ ಜಾಸ್ತಿ ಇದ್ದರೆ ನೊರೆ ಭರ್ಜರಿ, ಆದರೆ ಚರ್ಮ ಒಣಗುತ್ತದೆ. ಆಲಿವ್ ಎಣ್ಣೆ ಜಾಸ್ತಿ ಇದ್ದರೆ ನೊರೆ ಕಡಿಮೆ, ಸ್ವಲ್ಪ ಲೋಳೆ ಲೋಳೆ, ಮೈಗೆ ಮಾತ್ರ ಮೆದು. ಕೆಲವರು ರೆಡಿಮೇಡ್ ಸೋಪ್ ಬೇಸ್ ತಂದು, ಕರಗಿಸಿ, ಬಣ್ಣ ಹಾಕಿ ಅಚ್ಚಿಗೆ ಹೊಯ್ದು "ಕೈಯಲ್ಲಿ ಮಾಡಿದ್ದು" ಅಂತ ಕೊಡುತ್ತಾರೆ. ಸುಳ್ಳೇನಲ್ಲ, ಕೈಯಲ್ಲೇ ಹೊಯ್ದಿದ್ದಾರೆ ಬಿಡಿ! ಆದರೆ ಬೇಸ್‌ನಲ್ಲಿ ಏನಿದೆ ಅಂತ ಕೇಳಿ. ಸುಗಂಧದ ಎಣ್ಣೆ ಗಿಡದಿಂದಲೇ ಬಂದಿದ್ದರೂ ಕೆಲವರಿಗೆ ತುರಿಕೆ ಬರುತ್ತದೆ, ಮೊದಲು ಮೊಣಕೈ ಒಳಮಡಿಕೆಗೆ ಹಚ್ಚಿ ತೊಳೆದು ಒಂದು ದಿನ ನೋಡಿ.

ಇಡುವ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಚೆನ್ನಾಗಿದೆ ಅಂತ ಒಂದು ಸಲ ಹನ್ನೆರಡು ಬಿಲ್ಲೆ ತಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟೆ. ಎಷ್ಟೋ ತಿಂಗಳ ಮೇಲೆ ತೆಗೆದರೆ ಮೈತುಂಬ ಕಿತ್ತಳೆ ಬಣ್ಣದ ಚುಕ್ಕಿ, ಹಳೇ ಎಣ್ಣೆಯ ಕಮಟು ವಾಸನೆ. ಉಳಿದ ಎಣ್ಣೆಯೇ ಕೆಟ್ಟಿತ್ತು. ಈಗ ಎರಡೋ ಮೂರೋ ತರುತ್ತೇನೆ, ಕಾಗದದಲ್ಲಿ ಸಡಿಲವಾಗಿ ಸುತ್ತಿ ತಂಪಾದ, ಗಾಳಿಯಾಡುವ ಕಡೆ ಇಡುತ್ತೇನೆ. ಬಳಸುವಾಗ ಬಿಲ್ಲೆಯನ್ನು ಎರಡು ತುಂಡು ಮಾಡಿ, ಒಂದು ಬಚ್ಚಲಿಗೆ, ಇನ್ನೊಂದು ಹೊರಗೆ. ತೂತಿರುವ ಸೋಪಿನ ಡಬ್ಬಿ ಇರಲೇಬೇಕು. ಗ್ಲಿಸರಿನ್ ಗಾಳಿಯ ತೇವ ಹೀರುವುದರಿಂದ ಮಳೆಗಾಲದಲ್ಲಿ ಬಿಲ್ಲೆ ಬೆವರಿದಂತೆ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ.

ಅಂಗಡಿ ಸೋಪನ್ನು ನಾನೇನೂ ಮನೆಯಿಂದ ಹೊರಗೆ ಹಾಕಿಲ್ಲ. ಅದನ್ನು ಯಂತ್ರದಲ್ಲಿ ಅರೆದು, ಒತ್ತಿ ಗಟ್ಟಿ ಮಾಡಿರುತ್ತಾರೆ, ನೀರಲ್ಲಿ ಬಿದ್ದರೂ ತಾಳಿಕೊಳ್ಳುತ್ತದೆ. ಕೈ ತೊಳೆಯುವ ಕಡೆ ಅದೇ ಸರಿ, 20 ಸೆಕೆಂಡ್ ಉಜ್ಜಿದರೆ ಯಾವ ಸೋಪಾದರೂ ಕೆಲಸ ಮಾಡುತ್ತದೆ. "ಕೀಟಾಣು ಕೊಲ್ಲುವ" ಸೋಪಿಗೆ ಸುಮ್ನೆ ಜಾಸ್ತಿ ಕೊಡಬೇಡಿ. ಸಾದಾ ಸೋಪು ಹಾಕಿ ನೀರಲ್ಲಿ ತೊಳೆಯುವುದಕ್ಕಿಂತ ಇವುಗಳಲ್ಲಿ ಹೆಚ್ಚಿನ ಗುಣ ಇದೆ ಎಂದು ಕಂಪನಿಗಳು ತೋರಿಸಲಿಲ್ಲ ಅಂತ 2016ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಸೋಪುಗಳಿಂದ ಟ್ರೈಕ್ಲೋಸಾನ್ ಸೇರಿ 19 ಕೀಟಾಣುನಾಶಕ ಪದಾರ್ಥಗಳನ್ನು ಕೈಬಿಡಿಸಿತು. ಹೊದಿಕೆ ಮೇಲೆ ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶದ ಶೇಕಡಾವಾರು) ಅಂತ ಇದ್ದರೆ ಅದನ್ನು ನೋಡಿ, 76 ಅಥವಾ ಮೇಲಿದ್ದರೆ ಸೋಪಿನ ಅಂಶ ಚೆನ್ನಾಗಿದೆ ಎಂದರ್ಥ. ಗಡಸು ನೀರಿದ್ದರೆ ಮಾತ್ರ ಎರಡೂ ಸೋಪು ಒಂದೇ ಥರ ಸೋಲುತ್ತವೆ, ಬಕೆಟ್ ಅಂಚಿಗೆ ಬಿಳಿ ಜಿಡ್ಡು ಕಟ್ಟುತ್ತದೆ.

ಮನೆಯಲ್ಲೇ ಮಾಡುತ್ತೇನೆ ಎನ್ನುವವರು ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿ, ಸೋಡಾ ಮೇಲೆ ನೀರು ಸುರಿಯಲೇಬೇಡಿ, ಸಿಡಿಯುತ್ತದೆ. ಅಲ್ಯುಮಿನಿಯಂ ಪಾತ್ರೆ ಬೇಡ. ಕೈಗವಸು, ಕನ್ನಡಕ ಬೇಕೇ ಬೇಕು, ಮಕ್ಕಳು ಹತ್ತಿರ ಸುಳಿಯಬಾರದು.

ಮಗಳು ತಂದ ಸೋಪಿನ ಚೀಟಿ ತಿರುಗಿಸಿ ನೋಡಿದೆ. ಸುರಿದು ಎರಡೇ ವಾರ ಆಗಿತ್ತು. ಕಪಾಟಿನ ಮೇಲೆ ಇಟ್ಟಿದ್ದೇನೆ, ಇನ್ನೊಂದು ತಿಂಗಳು ಮುಟ್ಟಬೇಡ ಅಂತ ಹೇಳಿ. ದಿನಾ ಹೋಗಿ ಮೂಸಿ ಬರುತ್ತಾಳೆ.