ಮಾರಿಸ್ ಮೈನರ್ ಲಿವರ್ ಶಾಕ್: ಸೀಲ್ ಬದಲಿಸಿದರೂ ಆಯಿಲ್ ಯಾಕೆ ಸೋರುತ್ತೆ?

ಮಾರಿಸ್ ಮೈನರ್‌ನ ಮುಂದಿನ ಶಾಕ್ ಅಬ್ಸಾರ್ಬರ್ ಸವೆದರೆ ಗಾಡಿ ಕುಣಿಯುವುದಷ್ಟೇ ಅಲ್ಲ, ಚಕ್ರವೂ ಅಲ್ಲಾಡುತ್ತದೆ. ಶಾಕ್‌ನ ಆರ್ಮೇ, ಅಂದರೆ ಅದರ ಲಿವರೇ, ಅಲ್ಲಿ ಸಸ್ಪೆನ್ಷನ್ನಿನ ಮೇಲಿನ ಆರ್ಮ್ ಕೂಡ. 1948ರಲ್ಲಿ ಬಂದ ಈ ಕಾರಿಗೆ ಅಲೆಕ್ ಇಸಿಗೋನಿಸ್ ಮಾಡಿದ ವಿನ್ಯಾಸ ಹಾಗಿದೆ. ಭಾರ ಹೊರುವುದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಉಕ್ಕಿನ ಸರಳು. ಕುಣಿತ ತಡೆಯುವುದು, ಚಕ್ರವನ್ನು ನೆಟ್ಟಗೆ ಹಿಡಿಯುವುದು ಎರಡೂ ಶಾಕ್ ಪಾಲಿಗೆ.

ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಹೊಸ ಆಯಿಲ್ ಸೀಲ್ (ಶಾಕ್‌ನ ಶಾಫ್ಟ್ ಸುತ್ತ ಆಯಿಲ್ ಸೋರದಂತೆ ತಡೆಯುವ ಬಳೆ) ಹಾಕಿಸಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಸೋರಲು ಶುರು. ಈ ಸಲ ನಾನೇ ಬಿಚ್ಚೋಣ ಅಂದುಕೊಂಡೆ.

ಬಿಚ್ಚುವವರು ಒಂದು ವಿಷಯ ಮರೆಯಬಾರದು. ಟಾರ್ಷನ್ ಬಾರ್ ಯಾವಾಗಲೂ ಬಿಗಿಯಾಗಿ ತಿರುಚಿಕೊಂಡೇ ಇರುತ್ತದೆ. ಕೆಳಗಿನ ಆರ್ಮ್‌ಗೆ ಜಾಕ್ ಕೊಡದೆ ಮೇಲಿನದನ್ನು ಕಳಚಿದರೆ ಕೆಳಗಿನದು ರಭಸದಿಂದ ಕೆಳಕ್ಕೆ ಸಿಡಿಯುತ್ತದೆ, ಕೈಕಾಲಿಗೆ ಅಪಾಯ. ಮೇಲಿನ ಆಸರೆ ಹೋದ ಹಬ್ (ಚಕ್ರ ಕೂರುವ ಭಾಗ) ಬ್ರೇಕ್ ಪೈಪಿನ ಮೇಲೆ ಜೋತುಬೀಳದ ಹಾಗೆ ತಂತಿಯಲ್ಲಿ ಕಟ್ಟಿಕೊಳ್ಳಬೇಕು.

ಒಳಗಡೆ ವ್ಯವಸ್ಥೆ ಸರಳ. ಶಾಕ್‌ನ ಬಾಡಿಯ ಆರಪಾರ ಒಂದು ಶಾಫ್ಟ್. ಹೊರಗೆ ಅದಕ್ಕೆ ಆರ್ಮ್, ಒಳಗೆ ಒಂದು ರಾಕರ್, ಅಂದರೆ ಏತದ ಹಾಗೆ ತೂಗುವ ತುಂಡು. ರಾಕರ್‌ನ ಎರಡು ಬದಿಗೆ ಎರಡು ಪಿಸ್ಟನ್. ಚಕ್ರ ಮೇಲೇರಿದಾಗ ಒಂದು ಪಿಸ್ಟನ್ ಇಳಿಯುತ್ತದೆ, ಇನ್ನೊಂದು ಏರುತ್ತದೆ. ಆಯಿಲ್ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಹೋಗಲು ವಾಲ್ವ್ ದಾಟಲೇಬೇಕು. ವಾಲ್ವ್‌ನಲ್ಲಿ ಚಕ್ರ ಏರುವಾಗಿನ ತಡೆಗೆ ಒಂದು ಸ್ಪ್ರಿಂಗ್, ಇಳಿಯುವಾಗಿನ ತಡೆಗೆ ಇನ್ನೊಂದು. ಇಳಿಯುವಾಗಿನದೇ ಜಾಸ್ತಿ ಬಿಗಿ.

ಪಿಸ್ಟನ್ ಓಡುವ ದೂರ ತೀರಾ ಕಮ್ಮಿ, ಆರ್ಮ್ ಉದ್ದ. ಅಂದರೆ ಸಣ್ಣ ಜಾಗದಲ್ಲಿ ಭಾರಿ ಒತ್ತಡ. ಆದರೆ ಆ ಒತ್ತಡ ಸೀಲ್ ತನಕ ಬರುವುದೇ ಇಲ್ಲ. ಶಾಫ್ಟ್ ಇರುವುದು ಪಿಸ್ಟನ್‌ಗಳ ಮೇಲೆ, ಸುಮ್ನೆ ಆಯಿಲ್ ತುಂಬಿರುವ ಭಾಗದಲ್ಲಿ. ಹಾಗಾದರೆ ಸೋರುವುದ್ಯಾಕೆ? ಬಾಡಿಯನ್ನು ವೈಸ್‌ಗೆ ಕಚ್ಚಿಸಿ ಆರ್ಮನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಗೊತ್ತಾಯಿತು. ಶಾಫ್ಟ್ ಓಡಾಡುವ ತೂತೇ ಸವೆದು ಅಗಲವಾಗಿತ್ತು. ಗುಂಡಿಗೆ ಬಿದ್ದ ಪ್ರತಿ ಸಲವೂ ಚಕ್ರದ ಪೆಟ್ಟು ನೇರ ಅಲ್ಲಿಗೇ ಹೋಗುತ್ತದಲ್ವಾ.

ನಮ್ಮ ತುಮಕೂರು ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು. ಸೂಕ್ಷ್ಮ ಕೆಲಸದ ಕೈಗಳು ಇನ್ನೂ ಸಿಗುತ್ತವೆ. ನನಗೆ ಸಿಕ್ಕ ಲೇತ್ ಮೇಸ್ತ್ರಿ ಶಾಫ್ಟ್ ನೋಡಿ, "ಸಾರ್, ಇದೇ ಕುಣೀತಿದ್ರೆ ಸೀಲ್ ಏನ್ ಮಾಡುತ್ತೆ ಪಾಪ" ಅಂದರು. ಆರ್ಮ್ ಕಳಚುವ ಮೊದಲೇ ಶಾಫ್ಟ್‌ಗೂ ಅದಕ್ಕೂ ಗುರುತು ಹಾಕಿದ್ದೆ. ಆರ್ಮ್ ಶಾಫ್ಟ್‌ನ ಹಲ್ಲು ತಪ್ಪಿ ಕೂತರೆ ಪಿಸ್ಟನ್ ಓಟ ಒಂದು ಕಡೆಗೆ ವಾಲುತ್ತದೆ. ಅವರು ತೂತನ್ನು ಬೋರ್ ಮಾಡಿ ಗನ್‌ಮೆಟಲ್ ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಕೂರಿಸಿದರು, ಸವೆದ ಶಾಫ್ಟನ್ನು ಗ್ರೈಂಡ್ ಮಾಡಿ ಅದರ ಅಳತೆಗೆ ಸರಿಯಾಗಿ ಬುಷ್‌ನ ತೂತನ್ನು ರೀಮ್ ಮಾಡಿ ನಯಗೊಳಿಸಿದರು. ನಾನು ಹಟ ಹಿಡಿದಿದ್ದು ಒಂದಕ್ಕೇ: ಎರಡೂ ಬದಿಯ ಬೋರ್ ಒಂದೇ ಸೆಟ್ಟಿಂಗ್‌ನಲ್ಲಿ ಆಗಬೇಕು. ಬಾಡಿ ತಿರುಗಿಸಿ ಕಟ್ಟಿದರೆ ಎರಡು ಬುಷ್ ಒಂದೇ ಸಾಲಿಗೆ ಬರುವ ಖಾತ್ರಿ ಇಲ್ಲ, ಶಾಫ್ಟ್ ಹಿಡಿಯುತ್ತದೆ. ಸೀಲ್ ಹಾಕಿದ್ದು ಆಮೇಲೆ.

ಆಯಿಲ್‌ಗೆ ನಾನು ಎಸ್‌ಎಇ 20 ದಪ್ಪದ ಬೈಕ್ ಫೋರ್ಕ್ ಆಯಿಲ್ ಹಾಕಿದೆ. ನೊರೆ ಕಮ್ಮಿ. ಬ್ರೇಕ್ ಆಯಿಲ್ ಮಾತ್ರ ಯಾರು ಹೇಳಿದರೂ ಹಾಕಬೇಡಿ. ಬಾಡಿಯನ್ನು ನೆಟ್ಟಗೆ ಹಿಡಿದು ತುಂಬುತ್ತಾ, ಆರ್ಮನ್ನು ಪೂರ್ತಿ ಮೇಲಕ್ಕೆ ಪೂರ್ತಿ ಕೆಳಕ್ಕೆ ನಿಧಾನವಾಗಿ ಆಡಿಸುತ್ತಿದ್ದೆ. ಮೊದಮೊದಲು ನಡುವೆ ಒಂದು ಕಡೆ ಆರ್ಮ್ ತಡೆಯೇ ಇಲ್ಲದೆ ಜಾರುತ್ತದೆ. ಅದು ಗಾಳಿ. ಗುಳ್ಳೆ ನಿಂತು, ಎರಡೂ ಕಡೆ ಸಮನಾದ ತಡೆ ಸಿಗುವವರೆಗೂ ಬಿಡಬಾರದು. ಕೈ ಸೋಲುತ್ತದೆ, ಸೋಲಲಿ. ಗಾಡಿಗೆ ಕೂರಿಸುವಾಗಲೂ ಅದನ್ನು ಮಲಗಿಸಲಿಲ್ಲ. ಮಲಗಿಸಿದರೆ ಗಾಳಿ ಮತ್ತೆ ಒಳಗೆ.

ದೇವರಾಯನದುರ್ಗದ ತಿರುವುಗಳಲ್ಲಿ ಓಡಿಸಿ ನೋಡಿದೆ. ಮೂತಿ ಅದ್ದುವುದು ಕಮ್ಮಿಯಾಗಿದೆ, ಸ್ಟೀರಿಂಗ್ ಅಲೆದಾಟವೂ ನಿಂತಿದೆ. ಇದನ್ನೆಲ್ಲ ಬಿಟ್ಟು ಈಗಿನ ಕಾರುಗಳ ಕೊಳವೆಯಂಥ ಟೆಲಿಸ್ಕೋಪಿಕ್ ಶಾಕ್ ಹಾಕಿಸು ಅನ್ನುವ ಗೆಳೆಯರಿದ್ದಾರೆ. ಅದರಲ್ಲಿ ಆಯಿಲ್ ಜಾಸ್ತಿ ಹಿಡಿಯುತ್ತದೆ, ಬೇಗ ಬಿಸಿಯಾಗಲ್ಲ, ಅದು ನಿಜ. ಆದರೆ ಮುಂದಗಡೆ ಕೆಲವು ಕಿಟ್‌ಗಳಲ್ಲಿ ಹಳೆಯ ಶಾಕ್ ಬಾಡಿಯೇ ಮೇಲಿನ ಆರ್ಮ್ ಆಗಿ ಉಳಿಯುತ್ತದೆ. ಅದರ ಶಾಫ್ಟ್ ಸವೆದಿದ್ದರೆ ಟೆಲಿಸ್ಕೋಪಿಕ್ ಹಾಕಿಯೂ ಚಕ್ರ ಅಲ್ಲಾಡುತ್ತದೆ.

ಹಿಂದಿನ ಜೋಡಿ ಸುಲಭ. ಅಲ್ಲಿ ಆಕ್ಸಲ್ ಹಿಡಿಯುವುದು ಲೀಫ್ ಸ್ಪ್ರಿಂಗ್. ಶಾಕ್‌ನ ಆರ್ಮ್ ಒಂದು ಲಿಂಕ್‌ಗೆ (ಜೋಡಿಸುವ ಸಣ್ಣ ಸರಳು) ಸೇರಿರುತ್ತದೆ, ಅಷ್ಟೇ. ಲಿಂಕ್‌ನ ರಬ್ಬರ್ ಬುಷ್ ಬದಲಿಸಿ ಆಯಿಲ್ ತುಂಬಿದೆ. ತುಂಬುವ ಬೋಲ್ಟ್ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ ಹಾಕಿ ಉಜ್ಜಿಬಿಡಿ. ಒಂದು ಮರಳಿನ ಕಾಳು ವಾಲ್ವ್‌ಗೆ ಸಿಕ್ಕಿದರೂ ಅದು ಮುಚ್ಚಿಕೊಳ್ಳುವುದಿಲ್ಲ.