ಜರ್ಕ್ ಮಸಾಲೆ ಸೀದು ಕಹಿಯಾಗುತ್ತಿತ್ತು, ಈಗಿಲ್ಲ

ಜಮೈಕಾದ ಜರ್ಕ್ ಚಿಕನ್ (ಖಾರದ ಮಸಾಲೆ ಸವರಿ ಕೆಂಡದಲ್ಲಿ ಬೇಯಿಸುವ ಕೋಳಿ) ಹೊರಗೆ ಸೀದು, ಒಳಗೆ ಸಪ್ಪೆ ಆಗುತ್ತಿದ್ದರೆ ತಪ್ಪು ಇರುವುದು ಸಕ್ಕರೆಯಲ್ಲಿ ಮತ್ತು ನೀರಿನಲ್ಲಿ. ಸಕ್ಕರೆ ಮಾಂಸ ಬೇಯುವ ಮೊದಲೇ ಕರಕಲಾಗುತ್ತದೆ. ನೀರು ಹಾಕಿ ರುಬ್ಬಿದ ಮಸಾಲೆ ಜಾರಿ ಬೀಳುತ್ತದೆ.

1 ಕೆಜಿ ಕೋಳಿ ಕಾಲಿಗೆ: ಈರುಳ್ಳಿ ಸೊಪ್ಪು 6 ಕಡ್ಡಿ, ಬೆಳ್ಳುಳ್ಳಿ 6 ಎಸಳು, ಒಂದಿಂಚು ಶುಂಠಿ, ಸ್ಕಾಚ್ ಬಾನೆಟ್ ಎಂಬ ತುಂಬಾ ಖಾರದ ಮೆಣಸಿನಕಾಯಿ 2, ಆಗಷ್ಟೇ ಕುಟ್ಟಿದ ಆಲ್‌ಸ್ಪೈಸ್ (ಮಸಾಲೆ ಮಿಶ್ರಣವಲ್ಲ, ಒಂದೇ ಬಗೆಯ ಒಣಗಿದ ಕಾಯಿ) 1 ದೊಡ್ಡ ಚಮಚ, ಒಣ ಥೈಮ್ 2 ಟೀ ಚಮಚ, ಜಾಯಿಕಾಯಿ ಕಾಲು ಟೀ ಚಮಚ, ಸೋಯಾ ಸಾಸ್ ಮತ್ತು ಎಣ್ಣೆ ತಲಾ 2 ದೊಡ್ಡ ಚಮಚ, ಒಂದು ನಿಂಬೆಯ ರಸ, ಉಪ್ಪು 1 ಟೀ ಚಮಚ, ಕಂದು ಸಕ್ಕರೆ 1 ಟೀ ಚಮಚ ಮಾತ್ರ. ತರಿತರಿಯಾಗಿ ರುಬ್ಬಿ. ಆಲ್‌ಸ್ಪೈಸ್‌ಗೆ ಬದಲಿ ಹುಡುಕಬೇಡಿ, ಜರ್ಕ್‌ನ ಜೀವವೇ ಅದು.

ಮೂಳೆ ಮುಟ್ಟುವಷ್ಟು ಆಳಕ್ಕೆ ಸೀಳಿ ಮಸಾಲೆ ತುಂಬಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಕೆಂಡ ಒಂದು ಬದಿಗೆ, ಕೋಳಿ ಇನ್ನೊಂದು ಬದಿಗೆ ಇಟ್ಟು ಮುಚ್ಚಿ ಬೇಯಿಸಿ. ಕೊನೆಯ ಐದು ನಿಮಿಷ ಮಾತ್ರ ಕೆಂಡದ ನೇರಕ್ಕೆ. ಮೆಣಸಿನಕಾಯಿ ಹೆಚ್ಚುವಾಗ ಕೈಗವಸು ಹಾಕಿಕೊಳ್ಳಿ.