ಟೆಸ್ಟ್‌ನಲ್ಲಿ ಸೇರಿದ ಕನ್ನಡ ದತ್ತಾಂಶ ಪ್ರೊಡಕ್ಷನ್‌ನಲ್ಲಿ ಸೇರದಿದ್ದಾಗ

ಕನ್ನಡ ಹೆಸರು, ವಿಳಾಸಗಳಿರುವ ಸಿಎಸ್‌ವಿ ಕಡತವು ಟೆಸ್ಟ್ ಸರ್ವರ್‌ನ ಮೈಎಸ್‌ಕ್ಯೂಎಲ್‌ಗೆ ಸಲೀಸಾಗಿ ಸೇರಿ, ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜ ಬಳಕೆಯ ಸರ್ವರ್‌ನಲ್ಲಿ, ಮಾತ್ರ ದೋಷ ತೋರಿಸಿದರೆ, ಮೊದಲು ಎರಡೂ ಕಡೆ ಇರುವುದು ಒಂದೇ ಕಡತವೇ ಎಂಬುದನ್ನು ಚೆಕ್‌ಸಮ್ (ಕಡತದ ಒಳಗಿನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತು) ಹೋಲಿಸಿ ಖಚಿತಪಡಿಸಿಕೊಳ್ಳಬೇಕು. ನಡುವೆ ಯಾರಾದರೂ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರೆ ದಿನಾಂಕದ ರೂಪ, ಸಂಖ್ಯೆಗಳ ಮೊದಲಿನ ಸೊನ್ನೆ, ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ವಿಧಾನ) ಇವೆಲ್ಲವೂ ಬದಲಾಗಿರಬಹುದು.

ಕಡತ ಒಂದೇ ಆಗಿದ್ದರೆ, ಟೆಸ್ಟ್‌ನಲ್ಲಿ ಅದು ನಿಜಕ್ಕೂ ಸರಿಯಾಗಿ ಸೇರಿದೆಯೇ ಎಂದು ಅನುಮಾನಿಸಿ. ಮೈಎಸ್‌ಕ್ಯೂಎಲ್‌ನ 5.7ನೇ ಆವೃತ್ತಿಯಿಂದ, ತಪ್ಪು ದತ್ತಾಂಶವನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಚಾಲನೆಯಲ್ಲಿರುತ್ತದೆ. ಟೆಸ್ಟ್‌ನಲ್ಲಿ ಅದನ್ನು ಯಾರೋ ತೆಗೆದಿದ್ದರೆ, ಉದ್ದವಾದ ಹೆಸರು ಕತ್ತರಿಸಿಕೊಂಡು, ತಪ್ಪು ದಿನಾಂಕ ಸೊನ್ನೆಯಾಗಿ, ಬರೀ ಎಚ್ಚರಿಕೆಯೊಂದಿಗೆ ಒಳಗೆ ಸೇರಿಬಿಡುತ್ತದೆ. ಕಡತವನ್ನು ಕೋಷ್ಟಕಕ್ಕೆ ತುಂಬುವ ಲೋಡ್ ಡೇಟಾ ಆಜ್ಞೆಗೆ ಲೋಕಲ್ ಎಂಬ ಪದ ಸೇರಿಸಿದ್ದರಂತೂ ಸ್ಟ್ರಿಕ್ಟ್ ಮೋಡ್ ಇದ್ದರೂ ಇಂಥ ದೋಷಗಳು ಎಚ್ಚರಿಕೆಗಳಾಗಿ ಇಳಿಯುತ್ತವೆ. ಆದ್ದರಿಂದ ಆಮದು ಮುಗಿದ ಕೂಡಲೇ, ಅದೇ ಸೆಷನ್‌ನಲ್ಲಿ, ಶೋ ವಾರ್ನಿಂಗ್ಸ್ ಆಜ್ಞೆಯನ್ನು ಓಡಿಸಬೇಕು.

ಆಮೇಲೆ ಪ್ರೊಡಕ್ಷನ್‌ನ ದೋಷಸಂಖ್ಯೆಯನ್ನು ಓದಿ. 1366 (ಕಾಲಂಗೆ ಒಗ್ಗದ ಅಕ್ಷರ) ಬಂದು, ಅದರೊಳಗಿನ ಬೈಟ್‌ಗಳು ಹೆಕ್ಸ್‌ನಲ್ಲಿ ಇ0 ಬಿ2 ಅಥವಾ ಇ0 ಬಿ3 ಎಂದು ಆರಂಭವಾಗಿದ್ದರೆ ಅವು ಕನ್ನಡ ಅಕ್ಷರಗಳೇ. ಕಾಲಂನ ಕ್ಯಾರೆಕ್ಟರ್ ಸೆಟ್ (ಅದು ಹಿಡಿಯಬಲ್ಲ ಅಕ್ಷರಗಳ ಪಟ್ಟಿ) ಬಹುತೇಕ ಕನ್ನಡವಿಲ್ಲದ ಲ್ಯಾಟಿನ್1 ಆಗಿರುತ್ತದೆ. 8.0ಕ್ಕಿಂತ ಹಿಂದೆ ಅದೇ ಡೀಫಾಲ್ಟ್ ಆಗಿದ್ದು, ಸರ್ವರನ್ನು ಮೇಲ್ದರ್ಜೆಗೇರಿಸಿದ ಮಾತ್ರಕ್ಕೆ ಹಳೆಯ ಕೋಷ್ಟಕಗಳು ಬದಲಾಗುವುದಿಲ್ಲ. ಬೈಟ್‌ಗಳು ಎಫ್0 ಎಂದು ಆರಂಭವಾಗಿದ್ದರೆ ಅದು ಎಮೋಜಿ ಇರಬಹುದು: ಹಳೆಯ ಯುಟಿಎಫ್8 ಮೂರು ಬೈಟ್‌ಗಳ ಕನ್ನಡಕ್ಕೆ ಸಾಕು, ನಾಲ್ಕು ಬೈಟ್‌ಗಳ ಎಮೋಜಿಗೆ ಸಾಲದು. ಆಜ್ಞೆಯಲ್ಲಿ ಕ್ಯಾರೆಕ್ಟರ್ ಸೆಟ್ ನಮೂದಿಸದಿದ್ದರೆ ಲೋಡ್ ಡೇಟಾ ಆಯಾ ಡೇಟಾಬೇಸ್‌ನ ಡೀಫಾಲ್ಟನ್ನೇ ಹಿಡಿಯುತ್ತದೆ. ಎರಡೂ ಕಡೆ, ನಾಲ್ಕು ಬೈಟ್‌ಗಳನ್ನೂ ಹಿಡಿಯುವ ಯುಟಿಎಫ್8ಎಂಬಿ4 ಎಂದು ಬರೆದೇ ಓಡಿಸಿ.

1406 ಎಂದರೆ ಕಾಲಂ ಸಾಲುತ್ತಿಲ್ಲ. ‘ಶ್ರೀನಿವಾಸಮೂರ್ತಿ’ ನಮ್ಮ ಕಣ್ಣಿಗೆ 6 ಅಕ್ಷರವಾದರೂ, ಒತ್ತು, ಗುಣಿತ, ಹಲಂತ (್) ಚಿಹ್ನೆಗಳನ್ನು ಬಿಡಿಯಾಗಿ ಎಣಿಸುವ ಯುನಿಕೋಡ್‌ನಲ್ಲಿ ಅದು 15. ಇಂಗ್ಲಿಷ್ ಹೆಸರುಗಳನ್ನು ನೋಡಿ ಅಳತೆ ಹಾಕಿದ ಕೋಷ್ಟಕಗಳಲ್ಲಿ ಈ ದೋಷ ಬರದಿದ್ದರೇ ಆಶ್ಚರ್ಯ. ಒಂದೇ ಮೌಲ್ಯ ಎರಡು ಸಲ ಬಂದಿದೆ ಎನ್ನುವ 1062 ಬಂದರೆ ಕೊಲೇಷನ್ (ಪದಗಳನ್ನು ಹೋಲಿಸುವ ನಿಯಮ) ಹೋಲಿಸಿ: 8.0ರ ಡೀಫಾಲ್ಟ್ ಕೊಲೇಷನ್ ಹೆಸರಿನ ಕೊನೆಯ ಖಾಲಿ ಜಾಗವನ್ನೂ ಲೆಕ್ಕಕ್ಕೆ ಹಿಡಿದು ಅದು ಇರುವ, ಇಲ್ಲದ ಹೆಸರುಗಳೆರಡನ್ನು ಬೇರೆಯೆನ್ನುತ್ತದೆ, ಹಳೆಯ ಜನರಲ್ ಸಿಐ ಕೊಲೇಷನ್ ಎರಡೂ ಒಂದೇ ಎಂದು ತಿರಸ್ಕರಿಸುತ್ತದೆ. 1452ಕ್ಕೆ ಕಾರಣ ಸರಳ: ಟೆಸ್ಟ್‌ನಲ್ಲಿರುವ ತಾಲ್ಲೂಕು ಅಥವಾ ಶಾಖೆಯ ಕೋಡ್ ಪ್ರೊಡಕ್ಷನ್‌ನ ಮೂಲ ಕೋಷ್ಟಕದಲ್ಲಿಲ್ಲ.

ದೋಷ ಹೋಗಲೆಂದು ಪ್ರೊಡಕ್ಷನ್‌ನ ಸ್ಟ್ರಿಕ್ಟ್ ಮೋಡ್ ತೆಗೆಯುವುದು ಸಲ್ಲದು. ಪ್ರೊಡಕ್ಷನ್‌ನ ರಚನೆಯನ್ನು ದತ್ತಾಂಶವಿಲ್ಲದೆ ಡಂಪ್ ಮಾಡಿ, ಅದರಂತೆಯೇ ಟೆಸ್ಟನ್ನು ಮರುನಿರ್ಮಿಸಿ. ಲ್ಯಾಟಿನ್1 ಕಾಲಮ್ಮನ್ನು ಬದಲಿಸುವ ಮುನ್ನ ಬ್ಯಾಕಪ್ ತೆಗೆದು, ಹೆಕ್ಸ್ ಫಂಕ್ಷನ್‌ನಿಂದ ಕೆಲವು ಸಾಲುಗಳನ್ನು ನೋಡಿ: ಅಲ್ಲಿ ಯುಟಿಎಫ್8 ಬೈಟ್‌ಗಳು ಈಗಾಗಲೇ ಇದ್ದರೆ ನೇರ ಪರಿವರ್ತನೆಯಿಂದ ಕನ್ನಡ ಇನ್ನಷ್ಟು ಕೆಡುತ್ತದೆ, ಕಾಲಮ್ಮನ್ನು ಮೊದಲು ಬೈನರಿಗೆ ತಿರುಗಿಸಿ ಆಮೇಲೆ ಯುಟಿಎಫ್8ಎಂಬಿ4ಕ್ಕೆ ತರಬೇಕು.